ಹಾಡುವ ಪೆಟ್ಟಿಗೆಗೆ ಒಡೆಯರಾರು?

ಪಡಸಾಲೆಯಲ್ಲಿ ಶುರುವಾದ ಹಾಡು ಅಡುಗೆಮನೆಯಲ್ಲೂ ಮಲಗುವ ಕೋಣೆಯಲ್ಲೂ ಅದೇ ಗಳಿಗೆಗೆ ಕೇಳಬೇಕು. ನಡುವೆ ಒಂದು ತಂತಿಯೂ ಇರಬಾರದು. 2002ರಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದ ಊರು ಸಾಂಟಾ ಬಾರ್ಬರಾದಲ್ಲಿ ಜಾನ್ ಮ್ಯಾಕ್‌ಫರ್ಲೇನ್, ಟಾಮ್ ಕಲನ್, ಟ್ರಂಗ್ ಮಾಯ್ ಮತ್ತು ಕ್ರೇಗ್ ಶೆಲ್ಬರ್ನ್ ಕೈಗೆತ್ತಿಕೊಂಡ ಕೆಲಸ ಇಷ್ಟೇ. ಹೇಳಲು ಒಂದು ಸಾಲು, ಮಾಡಿ ಮುಗಿಸಲು ಮೂರು ವರ್ಷ. ಅವರು ಕಟ್ಟಿದ ಕಂಪನಿಯ ಹೆಸರು ಸೋನೋಸ್.

ನಾಲ್ವರೂ ಇಮೇಲ್ ತಂತ್ರಾಂಶ ಮಾಡುತ್ತಿದ್ದ ಸಾಫ್ಟ್‌ವೇರ್ ಡಾಟ್ ಕಾಮ್ ಎಂಬ ಕಂಪನಿಯಲ್ಲಿ ಪಳಗಿದವರು. ಆ ಕಂಪನಿ 2000ದಲ್ಲಿ ಇನ್ನೊಂದರೊಡನೆ ವಿಲೀನವಾದಾಗ ಕೈಗೆ ಒಂದಿಷ್ಟು ಬಂಡವಾಳ ಬಂದಿತ್ತು. ವಿಮಾನದೊಳಗೆ ಪ್ರಯಾಣಿಕರಿಗೆ ನೆಟ್‌ವರ್ಕ್ ಒದಗಿಸುವ ಯೋಚನೆ ಮೊದಲು ಬಂತು, ಕೂಡಲೇ ಬಿದ್ದೂಹೋಯಿತು. ಸಂಗೀತ ಉಳಿಯಿತು. ಆಗ ಮನೆಯ ಎಲ್ಲ ಕೋಣೆಗೂ ಹಾಡು ಬೇಕೆಂದರೆ ಗೋಡೆ ಕೊರೆಸಿ ತಂತಿ ಎಳೆಸಬೇಕಿತ್ತು; ಅಮೆರಿಕದಲ್ಲೂ ಅದು ಉಳ್ಳವರ ಸೊತ್ತು. ಐಪಾಡ್ ಬಂದು ವರ್ಷ ಕಳೆದಿತ್ತಷ್ಟೆ. ಸಿ.ಡಿ.ಗಳಲ್ಲಿದ್ದ ಹಾಡುಗಳು ಕಂಪ್ಯೂಟರಿನ ಹಾರ್ಡ್ ಡಿಸ್ಕಿಗೆ ಇಳಿಯುತ್ತಿದ್ದವು. ವೈಫೈ ಇನ್ನೂ ಎಳೆಗೂಸು.

ಕಷ್ಟವಿದ್ದದ್ದು ತಂತಿ ತೆಗೆಯುವುದರಲ್ಲಲ್ಲ, ಕಾಲ ಹೊಂದಿಸುವುದರಲ್ಲಿ. ಡಿಜಿಟಲ್ ಸಂಗೀತವೆಂದರೆ ಸಿ.ಡಿ.ಯ ಲೆಕ್ಕದಲ್ಲಿ ಸೆಕೆಂಡಿಗೆ 44,100 ಮಾದರಿಗಳು. ಅವನ್ನು ಒಂದಾದ ಮೇಲೊಂದರಂತೆ ನುಡಿಸಲು ಪ್ರತಿ ಪೆಟ್ಟಿಗೆಯೊಳಗೂ ಕ್ವಾರ್ಟ್ಜ್ ಹರಳಿನ ಒಂದು ಗಡಿಯಾರವಿರುತ್ತದೆ. ಯಾವ ಎರಡು ಹರಳುಗಳೂ ಒಂದೇ ಸಮ ನಡೆಯುವುದಿಲ್ಲ. ಹತ್ತು ಲಕ್ಷಕ್ಕೆ 50ರಷ್ಟು ಹೆಚ್ಚುಕಡಿಮೆಯಾದರೂ ಸಾಕು, ಒಂದು ಗಂಟೆಯಲ್ಲಿ ಒಂದು ಪೆಟ್ಟಿಗೆ ಇನ್ನೊಂದಕ್ಕಿಂತ 0.18 ಸೆಕೆಂಡ್ ಹಿಂದೆ ಬೀಳುತ್ತದೆ. ಆಗ ಪಕ್ಕದ ಕೋಣೆಯಿಂದ ಬರುವುದು ಹಾಡಲ್ಲ, ಅದರ ಮಾರ್ದನಿ. ಇದರ ಮೇಲೆ, ವೈಫೈಯಲ್ಲಿ ಕಳಿಸಿದ ದತ್ತಾಂಶದ ತುಣುಕುಗಳು ಕೆಲವೊಮ್ಮೆ ತಡವಾಗಿ ಬರುತ್ತವೆ, ಕೆಲವೊಮ್ಮೆ ಬರುವುದೇ ಇಲ್ಲ.

ಈ ಗಂಟನ್ನು ಬಿಡಿಸಿದ್ದು ಮೈಕ್ರೋಸಾಫ್ಟ್‌ನಿಂದ ಬಂದ ಎಂಜಿನಿಯರ್ ನಿಕ್ ಮಿಲಿಂಗ್ಟನ್. ಗುಂಪಿನ ಒಂದು ಪೆಟ್ಟಿಗೆಯ ಗಡಿಯಾರವನ್ನೇ ಎಲ್ಲಕ್ಕೂ ಆಧಾರ ಮಾಡಿದರು. ಹಾಡಿನ ಪ್ರತಿ ತುಣುಕಿನ ಮೇಲೂ ಅದನ್ನು ನುಡಿಸಬೇಕಾದ ಗಳಿಗೆಯ ಮುದ್ರೆ ಬಿತ್ತು. ಉಳಿದ ಪೆಟ್ಟಿಗೆಗಳು ಭಜನೆಯಲ್ಲಿ ತಾಳ ಹಿಡಿದವನ ಕಡೆ ಕಿವಿಯಿಟ್ಟವರಂತೆ ತಮ್ಮ ಗಡಿಯಾರವನ್ನು ಅದಕ್ಕೆ ಹೋಲಿಸಿಕೊಳ್ಳುತ್ತ, ಹಿಂದೆ ಬಿದ್ದರೆ ಒಂದು ಮಾದರಿ ಬಿಟ್ಟು, ಮುಂದೆ ಹೋದರೆ ಒಂದು ಸೇರಿಸಿ ಜೊತೆಗೂಡುತ್ತಿದ್ದವು. ಕಿವಿಗೆ ಅದು ತಿಳಿಯದು. ಈ ವಿಧಾನಕ್ಕೆ ಸೋನೋಸ್ ಪೇಟೆಂಟ್ ಪಡೆಯಿತು. ಹದಿನೈದು ವರ್ಷದ ಮೇಲೆ ಅದೇ ಪೇಟೆಂಟ್ ಜಗತ್ತಿನ ದೊಡ್ಡ ಕಂಪನಿಗಳಲ್ಲೊಂದನ್ನು ಕಟಕಟೆಗೆ ಎಳೆಯಲಿತ್ತು.

2005ರ ಆರಂಭದಲ್ಲಿ ಮೊದಲ ಸರಕು ಮಾರುಕಟ್ಟೆಗೆ ಬಂತು. ಝಡ್‌ಪಿ100 ಎಂಬ ಎರಡು ಪೆಟ್ಟಿಗೆ ಮತ್ತು ಬಣ್ಣದ ಪರದೆಯಿದ್ದ ಒಂದು ರಿಮೋಟ್, ಒಟ್ಟಿಗೆ 1,199 ಡಾಲರ್. ಸ್ಪೀಕರನ್ನು ಬೇರೆಯಾಗಿ ಕೊಳ್ಳಬೇಕಿತ್ತು. 2008ರಲ್ಲಿ ಐಫೋನಿಗೆ ಉಚಿತ ಆ್ಯಪ್ ಬಂದಾಗ ಆ ರಿಮೋಟಿನ ಅಗತ್ಯ ತಪ್ಪಿತು. 2009ರಲ್ಲಿ 399 ಡಾಲರಿನ ಎಸ್5 ಬಂತು. ಆಂಪ್ಲಿಫೈಯರ್, ಸ್ಪೀಕರ್, ವೈಫೈ ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ. 2013ರ ಹೊತ್ತಿಗೆ 199 ಡಾಲರಿಗೆ ಪ್ಲೇ:1 ಸಿಗುತ್ತಿತ್ತು. ಸ್ಪಾಟಿಫೈನಂಥ ಸೇವೆಗಳು ಹಾರ್ಡ್ ಡಿಸ್ಕನ್ನೂ ಬೇಡವಾಗಿಸುತ್ತಿದ್ದವು. ಈ ಕ್ಷೇತ್ರದಲ್ಲಿ ಸೋನೋಸ್‌ಗೆ ಸರಿಸಾಟಿ ಯಾರೂ ಇದ್ದಂತೆ ಕಾಣುತ್ತಿರಲಿಲ್ಲ.

ಮಾತು ಕೇಳುವ ಕೊಳವೆ

ಪೈಪೋಟಿ ಬಂದದ್ದು ಸಂಗೀತದ ದಿಕ್ಕಿನಿಂದಲ್ಲ. 2011ರ ಜನವರಿಯಲ್ಲಿ ಅಮೆಜಾನ್ ಮುಖ್ಯಸ್ಥ ಜೆಫ್ ಬೆಜೋಸ್ ತಮ್ಮ ಸಹಾಯಕರಿಗೊಂದು ಇಮೇಲ್ ಬರೆದರು. ಅದರ ಸಾರ: ಬುದ್ಧಿಯೆಲ್ಲ ದೂರದ ಸರ್ವರ್‌ಗಳಲ್ಲಿರುವ, ಪೂರ್ತಿ ಮಾತಿನಿಂದಲೇ ನಡೆಯುವ, 20 ಡಾಲರ್ ಬೆಲೆಯ ಸಾಧನವೊಂದನ್ನು ಮಾಡಬೇಕು. ಅಮೆಜಾನ್‌ನ ಸಾಧನಗಳನ್ನು ರೂಪಿಸುವ ಲ್ಯಾಬ್126 ವಿಭಾಗ ಇದಕ್ಕೆ ಡಾಪ್ಲರ್ ಎಂಬ ಗುಪ್ತನಾಮವಿಟ್ಟು ಕೆಲಸ ಶುರುಮಾಡಿತು. ಮಾತು ಗುರುತಿಸುವ ಯಾಪ್, ಪ್ರಶ್ನೆಗೆ ಉತ್ತರಿಸುವ ಬ್ರಿಟನ್ನಿನ ಈವಿ, ಬರಹವನ್ನು ದನಿಯಾಗಿಸುವ ಪೋಲೆಂಡಿನ ಇವೋನಾ ಕಂಪನಿಗಳನ್ನು ಅಮೆಜಾನ್ ಒಂದೊಂದಾಗಿ ಕೊಂಡಿತು. ಮಾತನ್ನು ಅರ್ಥಮಾಡಿಕೊಳ್ಳುವ ವಿಜ್ಞಾನದ ಹೊಣೆ ಹೊತ್ತವರು ರಾಂಚಿಯಲ್ಲಿ ಹುಟ್ಟಿ, ಮೆಸ್ರಾದ ಬಿಐಟಿಯಲ್ಲಿ ಓದಿದ ರೋಹಿತ್ ಪ್ರಸಾದ್.

ಫೋನನ್ನು ಬಾಯಿಯ ಹತ್ತಿರ ಹಿಡಿದು ಮಾತಾಡುವುದು ಬೇರೆ, ಕೋಣೆಯ ಮೂಲೆಯಿಂದ ಕೂಗಿ ಹೇಳುವುದು ಬೇರೆ. ಟಿವಿ, ಫ್ಯಾನು, ಗೋಡೆಯ ಮಾರ್ದನಿ ಎಲ್ಲವನ್ನೂ ದಾಟಿ ಬಂದ ಮಾತು ಯಂತ್ರಕ್ಕೆ ತಿಳಿಯಬೇಕಾದರೆ ಅಂಥ ಮಾತಿನ ರಾಶಿ ರಾಶಿ ಮಾದರಿ ಬೇಕು. ಅದನ್ನು ಕಲೆಹಾಕಲು ಅಮೆಜಾನ್ ಬಾಸ್ಟನ್ನಿನಲ್ಲಿ ಮನೆಗಳನ್ನು ಬಾಡಿಗೆಗೆ ಹಿಡಿಯಿತು. ಒಳಗೆ ಅಲ್ಲಲ್ಲಿ ಸಾಧನಗಳನ್ನು ಮರೆಮಾಡಿ ಇಟ್ಟು, ದಿನಗೂಲಿಯವರನ್ನು ಕರೆಸಿ, ಕೋಣೆಯಿಂದ ಕೋಣೆಗೆ ನಡೆಯುತ್ತ ಬರೆದುಕೊಟ್ಟ ವಾಕ್ಯಗಳನ್ನು ಇಡೀ ದಿನ ಓದಿಸಿತು. ಅಪರಿಚಿತರು ತಂಡತಂಡವಾಗಿ ಬಂದುಹೋಗುವುದನ್ನು ಕಂಡ ನೆರೆಯವರೊಬ್ಬರು ಇಲ್ಲೇನೋ ಅಕ್ರಮ ನಡೆದಿದೆಯೆಂದು ಪೊಲೀಸರಿಗೆ ದೂರನ್ನೂ ಕೊಟ್ಟರು.

2014ರ ನವೆಂಬರ್ 6ರಂದು ಎಕೋ ಹೊರಬಂತು. ಸುಮಾರು 23 ಸೆಂಟಿಮೀಟರ್ ಎತ್ತರದ ಕಪ್ಪು ಕೊಳವೆ, ತಲೆಯ ಮೇಲೆ ಏಳು ಮೈಕ್ರೊಫೋನ್, ಒಳಗಿನ ಮಾತಿನ ಸಹಾಯಕ ಅಲೆಕ್ಸಾವನ್ನು ಕರೆದಾಗ ಬೆಳಗುವ ನೀಲಿ ಉಂಗುರ. ಬೆಲೆ 199 ಡಾಲರ್. ಆಹ್ವಾನ ಪಡೆದ ಪ್ರೈಮ್ ಸದಸ್ಯರಿಗೆ 99. ಅದರ ಸಂಗೀತ ಸಾಧಾರಣ. ಆದರೆ ಕೈಯಲ್ಲಿ ಹಿಟ್ಟು ಮೆತ್ತಿದ್ದಾಗಲೂ ಬೇಕಾದ ಹಾಡನ್ನು ಬಾಯಲ್ಲೇ ಕೇಳಿ ಹಾಕಿಸಬಹುದಿತ್ತು, ಆ ಸುಖ ಜನಕ್ಕೆ ಹಿಡಿಸಿತು. 2016ರಲ್ಲಿ ಅದರ ಪುಟ್ಟ ರೂಪ ಎಕೋ ಡಾಟ್ ಬಂತು. ವರ್ಷ ಮುಗಿಯುವುದರೊಳಗೆ ಅದರ ಎರಡನೇ ಆವೃತ್ತಿಯ ಬೆಲೆ 50 ಡಾಲರ್.

ಸಾಂಟಾ ಬಾರ್ಬರಾದಲ್ಲಿ ಇದರ ಬಿಸಿ ತಟ್ಟಿತು. 2016ರ ಮಾರ್ಚ್‌ನಲ್ಲಿ ಮ್ಯಾಕ್‌ಫರ್ಲೇನ್ ಬಹಿರಂಗ ಪತ್ರ ಬರೆದು, ಮುಂದಿನ ಹಾದಿ ಮಾತಿನದೆಂದು ಒಪ್ಪಿಕೊಂಡರು. ಅದೇ ಪತ್ರದಲ್ಲಿ ಕೆಲವು ನೌಕರರನ್ನು ಕೈಬಿಡುತ್ತಿರುವುದನ್ನೂ ತಿಳಿಸಿದ್ದರು. 2017ರ ಜನವರಿಯಲ್ಲಿ ಅವರು ಸ್ಥಾನ ಬಿಟ್ಟರು, ಪ್ಯಾಟ್ರಿಕ್ ಸ್ಪೆನ್ಸ್ ಸಿಇಒ ಆದರು.

ಎಲ್ಲರೂ ಕಣಕ್ಕೆ

2016ರ ನವೆಂಬರ್‌ನಲ್ಲಿ 129 ಡಾಲರಿನ ಗೂಗಲ್ ಹೋಮ್ ಅಂಗಡಿಗೆ ಬಂತು. ಮರುವರ್ಷ 49 ಡಾಲರಿನ ಹೋಮ್ ಮಿನಿ, 399 ಡಾಲರಿನ ಹೋಮ್ ಮ್ಯಾಕ್ಸ್. ಚೀನಾದಲ್ಲಿ ಅಲಿಬಾಬಾ 499 ಯುವಾನಿನ ಟಿಮಾಲ್ ಜೀನಿಯನ್ನು 2017ರ ನವೆಂಬರ್ 11ರ ಮಾರಾಟ ಹಬ್ಬದಲ್ಲಿ 99 ಯುವಾನಿಗೆ ಇಳಿಸಿ ಹತ್ತು ಲಕ್ಷ ಪೆಟ್ಟಿಗೆ ಮಾರಿತು. ಮೈಕ್ರೋಸಾಫ್ಟ್‌ನ ಮಾತಿನ ಸಹಾಯಕ ಕೊರ್ಟಾನಾ ಇದ್ದ ಹರ್ಮನ್ ಕಾರ್ಡನ್ ಸ್ಪೀಕರ್ ಬಂದಷ್ಟೇ ಬೇಗ ಮರೆಯಾಯಿತು. ಸ್ಯಾಮ್‌ಸಂಗ್ 2018ರಲ್ಲಿ ಘೋಷಿಸಿದ ಗ್ಯಾಲಕ್ಸಿ ಹೋಮ್ ಅಂಗಡಿಯನ್ನೇ ಕಾಣಲಿಲ್ಲ.

ಸಂಗೀತದ ಗುಣಕ್ಕೆ ಪಣ ತೊಟ್ಟದ್ದು ಆ್ಯಪಲ್. ಹೋಮ್‌ಪಾಡ್ ಒಳಗೆ ಏಳು ಟ್ವೀಟರ್, ಒಂದು ವೂಫರ್, ಆರು ಮೈಕ್ರೊಫೋನ್. ಕೋಣೆಯ ಗೋಡೆ ಎಲ್ಲಿದೆ ಎಂಬುದನ್ನು ತಾನೇ ಅಂದಾಜಿಸಿ ದನಿಯನ್ನು ತಿದ್ದಿಕೊಳ್ಳುತ್ತಿತ್ತು. 2017ರ ಡಿಸೆಂಬರಿನಲ್ಲಿ ಬರಬೇಕಿದ್ದುದು 2018ರ ಫೆಬ್ರವರಿಗೆ ಬಂತು, ಬೆಲೆ 349 ಡಾಲರ್. ದನಿಯನ್ನು ಹೊಗಳದವರಿಲ್ಲ. ಆದರೆ ಹೇಳಿದ್ದು ಒಂದು, ಅದರ ಮಾತಿನ ಸಹಾಯಕ ಸಿರಿ ಮಾಡಿದ್ದು ಇನ್ನೊಂದು ಎಂಬ ದೂರು ಹೆಚ್ಚಿತು; ಎಣ್ಣೆ ಮೆರುಗಿನ ಮರದ ಮೇಜಿನ ಮೇಲೆ ಅದರ ಸಿಲಿಕೋನ್ ತಳ ಬಿಳಿ ಉಂಗುರದ ಕಲೆ ಬಿಡುವುದೂ ಸುದ್ದಿಯಾಯಿತು. 2021ರಲ್ಲಿ ಆ್ಯಪಲ್ ದೊಡ್ಡ ಹೋಮ್‌ಪಾಡನ್ನು ನಿಲ್ಲಿಸಿ 99 ಡಾಲರಿನ ಮಿನಿಯನ್ನಷ್ಟೇ ಉಳಿಸಿಕೊಂಡಿತು. 2023ರಲ್ಲಿ ದೊಡ್ಡದು 299 ಡಾಲರಿಗೆ ಮರಳಿತು.

ಸೋನೋಸ್ ಮಧ್ಯದ ದಾರಿ ಹಿಡಿಯಿತು. 2017ರ ಅಕ್ಟೋಬರಿನಲ್ಲಿ ಬಂದ ಸೋನೋಸ್ ಒನ್‌ನಲ್ಲಿ ಅಲೆಕ್ಸಾ ಇತ್ತು, 2019ರಲ್ಲಿ ಗೂಗಲ್ ಅಸಿಸ್ಟೆಂಟ್ ಕೂಡ ಸೇರಿತು. ಎರಡನ್ನೂ ಏಕಕಾಲಕ್ಕೆ ಎಚ್ಚರವಾಗಿರಿಸುವ ತಂತ್ರ ತಮ್ಮಲ್ಲಿದೆ, ಗೂಗಲ್ ಅದಕ್ಕೆ ಒಪ್ಪುತ್ತಿಲ್ಲ ಎಂಬುದು ಸ್ಪೆನ್ಸ್ ಅವರ ಆರೋಪವಾಗಿತ್ತು. 2018ರ ಆಗಸ್ಟ್‌ನಲ್ಲಿ ಕಂಪನಿ ಷೇರಿಗೆ 15 ಡಾಲರಿನಂತೆ ನಾಸ್ಡಾಕ್ ಪ್ರವೇಶಿಸಿತು. ಪ್ರತಿಸ್ಪರ್ಧಿಗಳ ಲೆಕ್ಕಾಚಾರ ಬೇರೆಯೇ ಇತ್ತು. ಸೋನೋಸ್‌ಗೆ ಸ್ಪೀಕರಿನ ಲಾಭವೇ ಅನ್ನ. ಅಮೆಜಾನಿಗೆ ಅದು ತನ್ನ ಅಂಗಡಿಯ ಬಾಗಿಲು, ಗೂಗಲಿಗೆ ಹುಡುಕಾಟದ ಇನ್ನೊಂದು ದಾರಿ. ಹಾಗಾಗಿ ಆ ಇಬ್ಬರೂ ಬೆಲೆಯನ್ನು ಕಡಿದು ಕಡಿದು ಮಾರಿದರು. ಅಲೆಕ್ಸಾ ಇರುವ 10 ಕೋಟಿಗೂ ಹೆಚ್ಚು ಸಾಧನಗಳು ಮಾರಾಟವಾಗಿವೆ ಎಂದು ಅಮೆಜಾನ್ 2019ರ ಜನವರಿಯಲ್ಲಿ ಹೇಳಿಕೊಂಡಿತು.

ಮಾರಾಟದ ಜೊತೆ ಅಂಜಿಕೆಯೂ ಮನೆಯೊಳಗೆ ಬಂತು. 2018ರಲ್ಲಿ ಅಮೆರಿಕದ ಪೋರ್ಟ್‌ಲೆಂಡಿನ ಒಂದು ಕುಟುಂಬದ ಖಾಸಗಿ ಮಾತುಕತೆಯನ್ನು ಎಕೋ ಧ್ವನಿಮುದ್ರಿಸಿ ಪರಿಚಿತರೊಬ್ಬರಿಗೆ ಕಳಿಸಿಬಿಟ್ಟಿತು; ಮಾತಿನ ನಡುವಿನ ಪದಗಳನ್ನು ಅದು ಆಜ್ಞೆಯೆಂದು ತಪ್ಪಾಗಿ ಕೇಳಿಸಿಕೊಂಡಿತ್ತು. 2019ರಲ್ಲಿ ಅಲೆಕ್ಸಾದ ಧ್ವನಿಮುದ್ರಣಗಳನ್ನು ಸಾವಿರಾರು ನೌಕರರು ಕೇಳುತ್ತಾರೆಂಬ ವರದಿ ಬಂತು. ಸಿರಿಯ ವಿಷಯದಲ್ಲೂ ಅಂಥದ್ದೇ ಸುದ್ದಿ ಹೊರಬಿದ್ದಾಗ ಆ್ಯಪಲ್ ಕ್ಷಮೆ ಕೇಳಿತು.

ಕನ್ನಡ ಕಲಿಸಿದವರು

ಭಾರತಕ್ಕೆ ಎಕೋ ಬಂದದ್ದು 2017ರ ಅಕ್ಟೋಬರಿನಲ್ಲಿ. ಡಾಟ್‌ಗೆ 4,499 ರೂಪಾಯಿ, ಎಕೋಗೆ 9,999, ಎಕೋ ಪ್ಲಸ್‌ಗೆ 14,999. ಆರು ತಿಂಗಳಲ್ಲಿ ಗೂಗಲ್ ಹೋಮ್ ಕೂಡ ಬಂತು: ದೊಡ್ಡದಕ್ಕೆ 9,999, ಮಿನಿಗೆ 4,499. ರೂಪಾಯಿಗೆ ರೂಪಾಯಿ ಹೊಂದಿಸಿಟ್ಟ ಬೆಲೆ. 2018ರ ಫೆಬ್ರವರಿಯಲ್ಲಿ ಶುರುವಾದ ಅಮೆಜಾನ್‌ನ ಪ್ರೈಮ್ ಮ್ಯೂಸಿಕ್‌ನಲ್ಲಿ ಕನ್ನಡ ಹಾಡುಗಳೂ ಇದ್ದವು. ಹಾಡು ಕನ್ನಡದ್ದಾದರೂ ಅದನ್ನು ಕೇಳಿ ಹಾಕಿಸಿಕೊಳ್ಳಬೇಕಾದದ್ದು ಇಂಗ್ಲಿಷಿನಲ್ಲಿ.

ಅದೇ 2018ರಲ್ಲಿ ಅಮೆಜಾನ್ ಭಾರತದ ಬಳಕೆದಾರರಿಗೆ ಕ್ಲಿಯೊ ಎಂಬ ಸೌಲಭ್ಯ ತೆರೆಯಿತು. ಅಲೆಕ್ಸಾ ಇಂಗ್ಲಿಷಿನಲ್ಲಿ ಒಂದು ಮಾತು ಹೇಳುತ್ತಿತ್ತು, ಕೇಳಿದವರು ಅದಕ್ಕೆ ತಮ್ಮ ನುಡಿಯಲ್ಲಿ ಉತ್ತರ ಕೊಡಬೇಕಿತ್ತು. ಕಲಿಸಬಹುದಾದ ನುಡಿಗಳಲ್ಲಿ ಹಿಂದಿ, ತಮಿಳು, ಮರಾಠಿ, ಬಂಗಾಳಿ, ತೆಲುಗು, ಗುಜರಾತಿಗಳ ಜೊತೆ ಕನ್ನಡವೂ ಇತ್ತು. 2019ರ ಸೆಪ್ಟೆಂಬರಿನಲ್ಲಿ ಅಲೆಕ್ಸಾ ಹಿಂದಿ ಮಾತಾಡತೊಡಗಿತು. ಕನ್ನಡದ ಸರದಿ ಬರಲಿಲ್ಲ. ಕನ್ನಡದ ಮಾತನ್ನು ಯಂತ್ರಕ್ಕೆ ತಿಳಿಸುವುದು ಅಸಾಧ್ಯವೇನೂ ಆಗಿರಲಿಲ್ಲ. ಗೂಗಲ್ 2017ರ ಆಗಸ್ಟ್‌ನಲ್ಲೇ ಫೋನುಗಳಲ್ಲಿ ಕನ್ನಡವನ್ನು ಮಾತಾಡಿ ಬರೆಸುವ ಸೌಲಭ್ಯ ಕೊಟ್ಟಿತ್ತು. ಇಂಗ್ಲಿಷ್ ಬಾರದ ಅಜ್ಜಿಗೆ, ಪರದೆಯ ಅಕ್ಷರ ಕಾಣದವರಿಗೆ ಮಾತು ಕೇಳುವ ಪೆಟ್ಟಿಗೆಯೇ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವಂಥದ್ದು. ಅಂಥವರನ್ನೇ ಅದು ಹೊರಗಿಟ್ಟಿತು. ಕಲಿಸಲು ಕನ್ನಡಿಗರು ಬೇಕಾಗಿದ್ದರು, ಕಲಿತದ್ದನ್ನು ಅವರಿಗೆ ಹಿಂತಿರುಗಿಸುವ ತೀರ್ಮಾನ ಮಾತ್ರ ಅವರ ಕೈಯಲ್ಲಿರಲಿಲ್ಲ.

ನ್ಯಾಯಾಲಯ ತಿರುಗಿಸಿದ ಗುಂಡಿ

2020ರ ಜನವರಿ 7ರಂದು ಸೋನೋಸ್ ಗೂಗಲ್ ಮೇಲೆ ಮೊಕದ್ದಮೆ ಹೂಡಿತು. 2013ರಲ್ಲಿ ಗೂಗಲ್‌ನ ಸಂಗೀತ ಸೇವೆಯನ್ನು ತನ್ನ ಸ್ಪೀಕರಿಗೆ ಜೋಡಿಸಲು ಹೋದಾಗ ತನ್ನ ತಂತ್ರಜ್ಞಾನ ಆ ಕಂಪನಿಗೆ ತಿಳಿಯಿತು, ಆಮೇಲೆ ಅದನ್ನೇ ಬಳಸಿಕೊಂಡಿತು ಎಂಬುದು ದೂರು. ಐದು ಪೇಟೆಂಟ್‌ಗಳ ಪಟ್ಟಿಯಲ್ಲಿ ಮಿಲಿಂಗ್ಟನ್ ಕಾಲದ ಗಡಿಯಾರ ಹೊಂದಿಸುವ ವಿಧಾನವಿತ್ತು, ಗುಂಪಿನ ಸ್ಪೀಕರುಗಳ ದನಿಯನ್ನು ಒಟ್ಟಿಗೆ ಏರಿಸಿ ಇಳಿಸುವ ವಿಧಾನವೂ ಇತ್ತು. ಅಮೆಜಾನ್ ಕೂಡ ಪೇಟೆಂಟ್ ಮುರಿದಿದೆಯೆಂದು ಸೋನೋಸ್ ನಂಬಿತ್ತು. ಇಬ್ಬರು ದೈತ್ಯರೊಡನೆ ಒಟ್ಟಿಗೆ ಸೆಣಸುವ ಧೈರ್ಯ ಮಾತ್ರ ಸಾಲಲಿಲ್ಲ. ಹತ್ತು ದಿನದಲ್ಲಿ ಸ್ಪೆನ್ಸ್ ಕೊಲರಾಡೊದ ಬೋಲ್ಡರ್‌ನಲ್ಲಿ ಅಮೆರಿಕ ಸಂಸತ್ತಿನ ಉಪಸಮಿತಿಯ ಎದುರು ಕುಳಿತು, ದೊಡ್ಡ ಕಂಪನಿಗಳು ಮಾರುಕಟ್ಟೆಯ ಬಲವನ್ನು ಹೇಗೆ ಬಳಸುತ್ತವೆಂದು ಸಾಕ್ಷ್ಯ ನುಡಿದರು.

ನ್ಯಾಯ ಕೇಳಿದ ಸೋನೋಸ್‌ನ ಕೈಗಳೂ ಆಗ ಪೂರ್ತಿ ಶುಚಿಯಾಗಿರಲಿಲ್ಲ. ಹೊಸ ಸ್ಪೀಕರಿಗೆ ಶೇ 30ರ ರಿಯಾಯಿತಿ ಬೇಕಿದ್ದರೆ ಹಳೆಯದನ್ನು ಮರುಬಳಕೆ ಸ್ಥಿತಿಗೆ ಹಾಕಬೇಕೆಂಬ ಷರತ್ತು ಒಡ್ಡಿತ್ತು. ಹಾಗೆ ಮಾಡಿದರೆ 21 ದಿನಗಳಲ್ಲಿ, ಚೆನ್ನಾಗಿ ಹಾಡುತ್ತಿದ್ದ ಪೆಟ್ಟಿಗೆ ಯಾರ ಉಪಯೋಗಕ್ಕೂ ಬಾರದಂತೆ ಶಾಶ್ವತವಾಗಿ ಸುಮ್ಮನಾಗುತ್ತಿತ್ತು. ಹಳೆಯ ಮಾದರಿಗಳಿಗೆ ಅಪ್‌ಡೇಟ್ ನಿಲ್ಲಿಸುವ ಘೋಷಣೆಯೂ ಅದೇ ತಿಂಗಳು ಬಂತು. ಗ್ರಾಹಕರು ಸಿಡಿದೆದ್ದ ಮೇಲೆ ಸ್ಪೆನ್ಸ್ ಕ್ಷಮೆ ಕೋರಿದರು, ಮರುಬಳಕೆಯ ಷರತ್ತನ್ನು ಕಂಪನಿ ಕೈಬಿಟ್ಟಿತು.

2022ರ ಜನವರಿ 6ರಂದು ಅಮೆರಿಕದ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಅಂತಿಮ ಆದೇಶ ಕೊಟ್ಟಿತು. ಐದೂ ಪೇಟೆಂಟ್‌ಗಳನ್ನು ಗೂಗಲ್ ಉಲ್ಲಂಘಿಸಿದೆ; 1930ರ ಸುಂಕ ಕಾಯ್ದೆಯ ಪ್ರಕಾರ ಅಂಥ ಸರಕನ್ನು ದೇಶದೊಳಕ್ಕೆ ತರುವಂತಿಲ್ಲ. ಗೂಗಲ್ ಪರವಾನಗಿ ಶುಲ್ಕ ಕಟ್ಟುವ ಬದಲು ತಂತ್ರಾಂಶ ಬದಲಿಸಿತು. ಆದೇಶವಾದದ್ದು ಆಮದಿನ ಬಗ್ಗೆ, ಬದಲಾದದ್ದು ಮನೆಯಲ್ಲಿ ವರ್ಷಗಳಿಂದ ಹಾಡುತ್ತಿದ್ದ ಸ್ಪೀಕರ್‌ಗಳು. ಗುಂಪಿನ ದನಿಯನ್ನು ಒಟ್ಟಿಗೆ ತಗ್ಗಿಸುವ ಸೌಲಭ್ಯ ಮಾಯವಾಯಿತು. ನಾಲ್ಕು ಕೋಣೆಯಲ್ಲಿ ಹಾಡು ಹಾಕಿದವರು ದನಿ ಇಳಿಸಲು ನಾಲ್ಕು ಸಲ ಗುಂಡಿ ಎಳೆಯಬೇಕಾಯಿತು. ಹಣ ಕೊಟ್ಟವರಿಗೆ ಇದರಲ್ಲಿ ಕೇಳುವ ಹಕ್ಕೂ ಇರಲಿಲ್ಲ, ಹೇಳುವ ಜಾಗವೂ ಇರಲಿಲ್ಲ.

ಬೇರೆ ಎರಡು ಪೇಟೆಂಟ್‌ಗಳ ವ್ಯಾಜ್ಯ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆಯಿತು. 2023ರ ಮೇ ತಿಂಗಳಲ್ಲಿ ತೀರ್ಪುಗಾರರ ಮಂಡಳಿ 1,41,33,558 ಸಾಧನಗಳಿಗೆ ತಲಾ 2.30 ಡಾಲರಿನಂತೆ ಲೆಕ್ಕ ಹಾಕಿ, 3.25 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಅಕ್ಟೋಬರಿನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಅದನ್ನು ತಳ್ಳಿಹಾಕಿದರು. 2006ರ ಅರ್ಜಿಯನ್ನು ಹಿಡಿದುಕೊಂಡು 2019ರವರೆಗೆ ಕಾದು, ಒಂದೇ ಸ್ಪೀಕರನ್ನು ಹಲವು ಗುಂಪುಗಳಿಗೆ ಸೇರಿಸುವ ಸೌಲಭ್ಯವನ್ನು ಉದ್ಯಮವೆಲ್ಲ ತಂದ ಮೇಲೆ ಹಕ್ಕು ಕೇಳುವುದು ಸಲ್ಲದು ಎಂಬುದು ಅವರ ನಿಲುವು. ಕೆಲವೇ ದಿನಗಳಲ್ಲಿ ಗೂಗಲ್ ತಾನು ತೆಗೆದಿದ್ದ ಆ ಸೌಲಭ್ಯವನ್ನು ಮನೆಗಳಿಗೆ ವಾಪಸು ಕಳಿಸಿತು. 2025ರ ಆಗಸ್ಟ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆಲ್ಸಪ್ ಅವರ ಆ ನಿಲುವನ್ನು ಒಪ್ಪದೆ ಸೋನೋಸ್ ಪರ ನಿಂತಿತು.

ಒಂದು ಆ್ಯಪ್, ಒಬ್ಬ ಸಿಇಒ

ನ್ಯಾಯಾಲಯದಲ್ಲಿ ದೈತ್ಯನಿಗೆ ಎದುರು ನಿಂತ ಕಂಪನಿ ತನ್ನ ಆ್ಯಪಿನ ಮುಂದೆ ಮುಗ್ಗರಿಸಿತು. 2024ರ ಮೇ 7ರಂದು ಸೋನೋಸ್ ಬುಡದಿಂದ ಹೊಸದಾಗಿ ಬರೆದ ಆ್ಯಪ್ ಬಿಟ್ಟಿತು. ಅದರಲ್ಲಿ ಅಲಾರಂ ಇರಲಿಲ್ಲ, ಹಾಡು ತಾನೇ ನಿಲ್ಲುವ ಟೈಮರ್ ಇರಲಿಲ್ಲ, ಹಾಡುಗಳ ಸರದಿಯನ್ನು ತಿದ್ದಲು ಆಗುತ್ತಿರಲಿಲ್ಲ. ದೃಷ್ಟಿಯಿಲ್ಲದವರಿಗೆ ಪರದೆಯನ್ನು ಓದಿ ಹೇಳುವ ತಂತ್ರಾಂಶ ಹೊಸ ಆ್ಯಪಿನೊಡನೆ ಸರಿಯಾಗಿ ಹೊಂದಲಿಲ್ಲ. ಹಿಂದಿನ ದಿನದವರೆಗೆ ತಾವೇ ಹಾಡು ಹಾಕಿಕೊಳ್ಳುತ್ತಿದ್ದವರು ಇನ್ನೊಬ್ಬರ ಸಹಾಯ ಬೇಡುವಂತಾಯಿತು. ಕೆಲವರ ಮನೆಯಲ್ಲಿ ಸ್ಪೀಕರ್ ಇದ್ದರೂ ಆ್ಯಪಿಗೆ ಕಾಣುತ್ತಿರಲಿಲ್ಲ.

ಹಳೆಯ ಆ್ಯಪನ್ನೇ ಕೊಡಿ ಎಂಬ ಕೂಗೆದ್ದಿತು. ಆಗಸ್ಟ್‌ನಲ್ಲಿ ಸ್ಪೆನ್ಸ್ ಕೊಟ್ಟ ಉತ್ತರ ಈ ಉದ್ಯಮದ ಒಳಗುಟ್ಟನ್ನೇ ಬಯಲಿಗಿಟ್ಟಿತು: ಆ್ಯಪ್ ಮಾತ್ರವಲ್ಲ, ಸ್ಪೀಕರಿನೊಳಗಿನ ತಂತ್ರಾಂಶವೂ ದೂರದ ಸರ್ವರ್‌ಗಳೂ ಆ ಹೊತ್ತಿಗೆ ಬದಲಾಗಿದ್ದವು, ಹಿಂದಕ್ಕೆ ಹೋಗುವ ದಾರಿಯಿರಲಿಲ್ಲ. ದುರಸ್ತಿಗೆ 2ರಿಂದ 3 ಕೋಟಿ ಡಾಲರ್ ತಗಲುವುದೆಂದು ಕಂಪನಿ ಅಂದಾಜಿಸಿತು, ಸುಮಾರು 100 ಮಂದಿ ಕೆಲಸ ಕಳೆದುಕೊಂಡರು. 2025ರ ಜನವರಿಯಲ್ಲಿ ಸ್ಪೆನ್ಸ್ ಹೊರನಡೆದರು. ಅವರ ಜಾಗಕ್ಕೆ ಬಂದವರು ಪಂಡೋರಾ ಸಂಗೀತ ಸೇವೆಯಲ್ಲಿ ತಾಂತ್ರಿಕ ಮುಖ್ಯಸ್ಥರಾಗಿದ್ದ ಟಾಮ್ ಕಾನ್ರಾಡ್.

ಮಾರಾಟದಲ್ಲಿ ಗೆದ್ದ ಅಮೆಜಾನ್‌ನ ಲೆಕ್ಕಪುಸ್ತಕವೂ ಕೆಂಪಾಗಿತ್ತು. ಸಾಧನಗಳ ವಿಭಾಗ 2017ರಿಂದ 2021ರ ನಡುವೆ 2,500 ಕೋಟಿ ಡಾಲರಿಗೂ ಮಿಕ್ಕಿ ನಷ್ಟ ಕಂಡಿದೆಯೆಂದು ವಾಲ್ ಸ್ಟ್ರೀಟ್ ಜರ್ನಲ್ 2024ರಲ್ಲಿ ವರದಿ ಮಾಡಿತು. ಜನ ಅಲೆಕ್ಸಾವನ್ನು ಹಾಡು ಹಾಕಲು, ಹವಾಮಾನ ಕೇಳಲು, ಅಡುಗೆಗೆ ಟೈಮರ್ ಇಡಲು ಬಳಸಿದರು; ಅದರ ಮೂಲಕ ಸಾಮಾನು ಕೊಳ್ಳುವರೆಂಬ ನಿರೀಕ್ಷೆ ಕೈಗೂಡಲಿಲ್ಲ. 2025ರ ಫೆಬ್ರವರಿಯಲ್ಲಿ ಅಲೆಕ್ಸಾ ಪ್ಲಸ್ ಬಂತು: ಪ್ರೈಮ್ ಸದಸ್ಯರಿಗೆ ಉಚಿತ, ಉಳಿದವರಿಗೆ ತಿಂಗಳಿಗೆ 19.99 ಡಾಲರ್. ಅದರ ಬೆನ್ನಿಗೇ, ಮಾರ್ಚ್ 28ರಿಂದ, ಕೆಲವು ಎಕೋಗಳಲ್ಲಿದ್ದ ಒಂದು ಆಯ್ಕೆ ರದ್ದಾಯಿತು. ಧ್ವನಿಮುದ್ರಣವನ್ನು ಸರ್ವರಿಗೆ ಕಳಿಸದೆ ಪೆಟ್ಟಿಗೆಯೊಳಗೇ ಅರ್ಥಮಾಡಿಕೋ ಎನ್ನುವ ಆಯ್ಕೆ ಅದು.

ಬ್ರಿಟನ್ 2024ರ ಏಪ್ರಿಲ್ 29ರಿಂದ ಜಾರಿಗೆ ತಂದ ಕಾನೂನಿನಂತೆ, ನೆಟ್‌ವರ್ಕಿಗೆ ಜೋಡಿಸುವ ಗೃಹಬಳಕೆಯ ಸಾಧನಕ್ಕೆ ಕನಿಷ್ಠ ಎಷ್ಟು ಕಾಲ ಭದ್ರತೆಯ ಅಪ್‌ಡೇಟ್ ಸಿಗುತ್ತದೆಂದು ತಯಾರಕರು ಪ್ರಕಟಿಸಲೇಬೇಕು. ಒಳ್ಳೆಯ ಆರಂಭ ಅದು, ಆದರೆ ಭದ್ರತೆಗಷ್ಟೇ ಸೀಮಿತ. ಕೊಂಡ ದಿನ ಇದ್ದ ಅಲಾರಂ, ಗುಂಪಿನ ದನಿ, ಧ್ವನಿಮುದ್ರಣ ಹೊರಹೋಗದಂತೆ ತಡೆಯುವ ಆಯ್ಕೆ ಎಷ್ಟು ವರ್ಷ ಇರುತ್ತವೆ, ಕಂಪನಿ ಸರ್ವರ್ ಮುಚ್ಚಿದರೆ ಪೆಟ್ಟಿಗೆ ಬರೀ ಸ್ಪೀಕರ್ ಆಗಿಯಾದರೂ ಹಾಡುತ್ತದೆಯೇ, ಯಾವ ಯಾವ ನುಡಿ ಅದಕ್ಕೆ ತಿಳಿಯುತ್ತದೆ ಎಂಬ ಮಾತುಗಳೂ ಡಬ್ಬದ ಮೇಲೆ ಬೆಲೆಯ ಪಕ್ಕದಲ್ಲೇ ಅಚ್ಚಾಗಬೇಕು, ಅಚ್ಚಾದದ್ದಕ್ಕೆ ಕಂಪನಿ ಹೊಣೆಯಾಗಬೇಕು. ಬೆಂಗಳೂರಿನ ಅಂಗಡಿಯಲ್ಲಿ ಹಣ ಎಣಿಸಿ ಕೊಡುವವರಿಗೂ ಸಾಂಟಾ ಬಾರ್ಬರಾದ ಗ್ರಾಹಕರಿಗೂ ಈ ಮಾಹಿತಿ ಸಮನಾಗಿ ಸಲ್ಲಬೇಕು.